ಶೋಕೇಸಿನ ಕ್ಯಾಮೆರಾ, ಅಟ್ಟದ ನೆಗೆಟಿವ್

ಹಳೆಯ ರೀಲು ಕ್ಯಾಮೆರಾಗಳಿಗೆ ಮತ್ತೆ ಒಳ್ಳೆಯ ಕಾಲ ಬಂದಿದೆ ಎಂದು ಈಚೆಗೆ ಎಲ್ಲರೂ ಹೇಳುತ್ತಿದ್ದಾರೆ. ಒಳ್ಳೆಯ ಕಾಲ ಬಂದಿರುವುದು ಅವುಗಳನ್ನು ಮಾರುವವರಿಗೆ. ಕಾಫಿ ಅಂಗಡಿಯ ಗೂಡಿನಲ್ಲಿ ಯಾಶಿಕಾ ಕೂತಿದೆ. ಮದುವೆಗೆ ಮುಂಚಿನ ಫೋಟೊಶೂಟಿನಲ್ಲಿ ಮದುಮಗನ ಕೊರಳಿಗೆ ಆಗ್ಫಾ ನೇತುಬಿದ್ದಿದೆ. ಮನೆ ಅಲಂಕರಿಸುವವರು ಹಿತ್ತಾಳೆ ಕೊಳಗ, ಗ್ರಾಮಫೋನು, ಕ್ಯಾಮೆರಾ ಎಂದು ಒಂದೇ ಉಸಿರಿಗೆ ಪಟ್ಟಿ ಬರೆಯುತ್ತಾರೆ. ಇವುಗಳೊಳಗೆ ರೋಲು ಇರುವುದಿಲ್ಲ. ಬಹಳಷ್ಟರ ಶಟರ್ ಬೀಳುವುದೂ ಇಲ್ಲ. ಇದಕ್ಕೆ ಕ್ಯಾಮೆರಾ ಪ್ರೀತಿ ಎಂದು ಹೆಸರಿಡುವುದಾದರೆ, ಗೋಡೆಗೆ ಹುಲಿಯ ತಲೆ ತೂಗುಹಾಕಿದವನನ್ನು ವನ್ಯಜೀವಿ ಪ್ರೇಮಿ ಎನ್ನಬೇಕಾಗುತ್ತದೆ.

ನನ್ನ ತಕರಾರು ನೇರವಾದದ್ದು. ತಯಾರಿಕೆ ನಿಂತುಹೋದ ಕ್ಯಾಮೆರಾ ಕೊಂಡವರು ಅದನ್ನು ಓಡಿಸಬೇಕು, ಕೆಡದ ಹಾಗೆ ನೋಡಿಕೊಳ್ಳಬೇಕು, ಅದರಿಂದ ತೆಗೆದ ನೆಗೆಟಿವ್‌ಗಳು ಎಲ್ಲಿವೆ ಎಂದು ಕೇಳಬೇಕು. ಈ ಮೂರೂ ಆಗದವರು ಅದನ್ನು ಮುಟ್ಟದೆ ಬಿಡುವುದು ಮೇಲು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರನ್ನು ಕಣ್ಣಮುಂದೆ ಇಟ್ಟುಕೊಂಡು ಈ ಮಾತು ಹೇಳುತ್ತಿದ್ದೇನೆ. ಮಹಾನಗರದ ಶೋಕೇಸಿಗೆ ಹೋಗುವ ಕ್ಯಾಮೆರಾ ಹೊರಡುವುದು ಇಂಥ ಊರುಗಳ ಸ್ಟುಡಿಯೊಗಳಿಂದ. ಅದು ಹೊರಟ ಮೇಲೆ ಅಲ್ಲಿ ಏನು ಉಳಿಯುತ್ತದೆ, ಏನು ಕಸಕ್ಕೆ ಹೋಗುತ್ತದೆ ಎಂಬುದರ ಬಗ್ಗೆ ಯಾರಿಗೂ ಚಿಂತೆಯಿಲ್ಲ.

ಆ ಯಂತ್ರಗಳು ಏನಾಗಿದ್ದವು ಎಂಬುದನ್ನು ಮೊದಲು ನೋಡೋಣ. ನಮ್ಮ ಕಡೆಯ ಸ್ಟುಡಿಯೊಗಳಲ್ಲಿ ಬಹುಕಾಲ ದುಡಿದದ್ದು ಎರಡು ಕಣ್ಣಿನ ಕ್ಯಾಮೆರಾ. ಮೇಲಿನ ಕಣ್ಣು ಫೋಟೊಗ್ರಾಫರ್ ನೋಡುವುದಕ್ಕೆ, ಕೆಳಗಿನದು ಫಿಲ್ಮು ನೋಡುವುದಕ್ಕೆ. ಈ ಜಾತಿಯಲ್ಲಿ ಹೆಸರುವಾಸಿಯಾದ ಯಾಶಿಕಾ ಮ್ಯಾಟ್ 124ಜಿ ಜಪಾನಿನಲ್ಲಿ 1970ರಲ್ಲಿ ಬಂದು 1986ರವರೆಗೆ ತಯಾರಾಯಿತು. 80 ಎಂಎಂ ಲೆನ್ಸು, ಒಂದು ಸೆಕೆಂಡಿನಿಂದ 1/500ರವರೆಗೆ ಓಡುವ ಶಟರ್, 120 ರೋಲಿಗೆ ಹನ್ನೆರಡು ಚೌಕ ಚಿತ್ರ. ಪರದೇಶದ ಕ್ಯಾಮೆರಾ ಆಮದು ಮಾಡಿಕೊಳ್ಳುವುದು ಕಷ್ಟವಾಗಿದ್ದ ಆ ಕಾಲದಲ್ಲಿ ಇಂಥದ್ದೊಂದು ಕೈಗೆ ಬಂದರೆ ಅದು ಎತ್ತಿನ ಜೋಡಿ ಕೊಂಡಷ್ಟೇ ದೊಡ್ಡ ಸಂಗತಿ. ಅದರ ಮೇಲೆ ಸಾಲ ಇರುತ್ತಿತ್ತು, ಅದರಿಂದ ಮಕ್ಕಳ ಫೀಸು ಹೋಗುತ್ತಿತ್ತು. ಹನ್ನೆರಡೇ ಚಿತ್ರ ಎಂದರೆ ಮದುವೆಯಲ್ಲಿ ಯಾವುದನ್ನು ಬಿಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಮಾಂಗಲ್ಯಧಾರಣೆಗೆ ಒಂದು, ಅಕ್ಷತೆಗೆ ಒಂದು, ಬೀಗರಿಗೆ ಒಂದು. ಸೋದರಮಾವ ಮುನಿಸಿಕೊಂಡರೆ ಅವನಿಗೊಂದು.

ಕೈಯಲ್ಲಿ ಅಷ್ಟು ಹಣವಿಲ್ಲದವರಿಗೆ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಇತ್ತು. ಪ್ಲಾಸ್ಟಿಕ್ ಮೈ, ಸಾದಾ ಲೆನ್ಸು, ಬಿಸಿಲಿಗೊಂದು ಮೋಡಕ್ಕೊಂದು ಗುರುತು. ಅದರೊಳಗೆ ಹಾಕುವ ಕಪ್ಪು ಬಿಳುಪಿನ ರೋಲು ಊಟಿಯಿಂದ ಬರುತ್ತಿತ್ತು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರುಮಾಡಿದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯ ‘ಇಂದು’ ಫಿಲ್ಮನ್ನು ಐವತ್ತು ದಾಟಿದ ಯಾವ ಫೋಟೊಗ್ರಾಫರನ್ನು ಕೇಳಿದರೂ ನೆನಪಿಸಿಕೊಳ್ಳುತ್ತಾರೆ. ಆ ಕಾರ್ಖಾನೆ ಮುಚ್ಚಿದೆ, ಕ್ಲಿಕ್ 3 ನಿಂತಿದೆ. ಯಾಶಿಕಾ ಕಂಪನಿ 1983ರಲ್ಲಿ ಕ್ಯೋಸೆರಾದೊಳಗೆ ಸೇರಿಹೋಯಿತು. ಹಾಗಾಗಿ ಇವತ್ತು ಒಂದು ಯಾಶಿಕಾ ಕೆಟ್ಟರೆ ಹೊಸ ಬಿಡಿಭಾಗ ಎಲ್ಲಿಂದಲೂ ಬರುವುದಿಲ್ಲ. ಇನ್ನೊಂದು ಸತ್ತ ಯಾಶಿಕಾದಿಂದಲೇ ಬರಬೇಕು. ಅಂದರೆ ಶೋಕೇಸಿನಲ್ಲಿ ಕೂತ ಪ್ರತಿಯೊಂದು ಕ್ಯಾಮೆರಾವೂ ದುಡಿಯಬಹುದಾಗಿದ್ದ ಒಂದನ್ನೋ ದುಡಿಯುತ್ತಿರುವ ಇನ್ನೊಂದಕ್ಕೆ ಬೇಕಾದ ಬಿಡಿಭಾಗವನ್ನೋ ತಡೆದು ಕೂತಿದೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಇದಕ್ಕೆ ಸರಿಯಾಗಿ ಹೊಂದುತ್ತದೆ.

‘ಇಟ್ಟರೆ ತಪ್ಪೇನು, ಜೋಪಾನವಾಗಿಯಾದರೂ ಇರುತ್ತದಲ್ಲ?’ ಎಂದು ಕೇಳಬಹುದು. ಇರುವುದಿಲ್ಲ. ಕ್ಯಾಮೆರಾ ಹಿತ್ತಾಳೆ ಕೊಳಗದ ಹಾಗಲ್ಲ. ಓಡಿಸದೆ ಇಟ್ಟರೆ ಶಟರಿನೊಳಗಿನ ಎಣ್ಣೆ ಗಟ್ಟಿಯಾಗುತ್ತದೆ. ಮೊದಲು ನಿಧಾನದ ವೇಗಗಳು ಸಾಯುತ್ತವೆ. ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ ತೆರೆದದ್ದು ಮುಚ್ಚುವುದೇ ಇಲ್ಲ. ಹಿಂಬಾಗಿಲಿನ ಅಂಚಿಗೆ ಬೆಳಕು ನುಸುಳದಂತೆ ಅಂಟಿಸಿದ ಸ್ಪಂಜು ಕರಗಿ ಬೆಲ್ಲದ ಪಾಕದಂತೆ ಜಿನುಗುತ್ತದೆ. ಚರ್ಮದ ಚೀಲದಲ್ಲಿ ಭದ್ರವಾಗಿದೆ ಎಂದುಕೊಂಡದ್ದೇ ಕೇಡು. ಚರ್ಮ ಮಳೆಗಾಲದ ತೇವ ಹಿಡಿದಿಟ್ಟುಕೊಂಡು ಲೆನ್ಸಿಗೆ ಬೂಷ್ಟು ಹಿಡಿಸುತ್ತದೆ. ಈ ಬೂಷ್ಟು ಜೇಡರ ಬಲೆಯ ಎಳೆಯಂತೆ ಹಬ್ಬಿ ಕೊನೆಗೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಹದಿನೈದು ದಿನಕ್ಕೊಮ್ಮೆ ಎಲ್ಲ ವೇಗಗಳಲ್ಲಿ ಹತ್ತು ಸಲ ಖಾಲಿ ಶಟರ್ ಬಿಡುವುದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದು, ಆಗಾಗ ಲೆನ್ಸಿಗೆ ಬೆಳಕು ತೋರಿಸುವುದು: ಇಷ್ಟು ಮಾಡುವವರಿಗೆ ಮಾತ್ರ ಅದು ಜೋಪಾನವಾಗಿದೆ ಎಂದು ಹೇಳುವ ಹಕ್ಕಿದೆ. ಬ್ಯಾಡಗಿಯಂಥ ಊರಿನಲ್ಲಿ ಇದರ ಜೊತೆಗೆ ದೂಳಿನದೂ ಒಂದು ಲೆಕ್ಕ. ಮೆಣಸಿನಕಾಯಿ ಹಂಗಾಮಿನಲ್ಲಿ ಮಾರುಕಟ್ಟೆಯ ಗಾಳಿಯಲ್ಲಿ ತೇಲುವ ಘಾಟು ಮೂಗಿಗೆ ಎಷ್ಟು ಸಲೀಸಾಗಿ ಹೋಗುತ್ತದೋ ಗೇರಿನೊಳಕ್ಕೂ ಅಷ್ಟೇ ಸಲೀಸಾಗಿ ಹೋಗುತ್ತದೆ.

ಕೊಳ್ಳುವ ವಿಷಯಕ್ಕೆ ಬರೋಣ. ಆನ್‌ಲೈನಿನಲ್ಲಿ ‘ಟೆಸ್ಟ್ ಮಾಡಿಲ್ಲ, ಇದ್ದ ಹಾಗೇ ಮಾರಾಟ’ ಎಂದು ಬರೆದಿರುತ್ತಾರೆ. ಅದರ ಅರ್ಥ: ಟೆಸ್ಟ್ ಮಾಡಿದೆ, ನಡೆಯಲಿಲ್ಲ. ಆದ್ದರಿಂದ ಕೈಗೆ ಸಿಗದ, ಕಿವಿಗೆ ಕೇಳದ ಕ್ಯಾಮೆರಾ ಕೊಳ್ಳಬೇಡಿ. ಹಿಂಬಾಗಿಲು ತೆರೆದು, ಬೆಳಕಿಗೆ ಹಿಡಿದು, ಒಂದು ಸೆಕೆಂಡಿನಿಂದ ಶುರುಮಾಡಿ ಪ್ರತಿ ವೇಗದಲ್ಲೂ ಶಟರ್ ಬಿಡಿ. ಒಂದು, ಅರ್ಧ, ಕಾಲು ಸೆಕೆಂಡಿನ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಟಾರ್ಚ್ ಹಿಡಿದು ಲೆನ್ಸಿನ ಒಳಗೆ ನೋಡಿ. ಫಿಲ್ಮು ಕೂರುವ ಜಾಗಕ್ಕೆ ಮಬ್ಬು ಪಾರದರ್ಶಕ ಹಾಳೆಯೊಂದನ್ನು ಬಿಗಿಯಾಗಿ ಅಂಟಿಸಿ, ಶಟರನ್ನು ‘ಬಿ’ಗೆ ಇಟ್ಟು ತೆರೆದುಹಿಡಿದು, ಮೇಲಿನ ಕಣ್ಣಿಗೆ ಚೊಕ್ಕಟವಾಗಿ ಕಂಡದ್ದು ಕೆಳಗಿನ ಕಣ್ಣಿಗೂ ಚೊಕ್ಕಟವಾಗಿದೆಯೇ ನೋಡಿ. ಎರಡು ಕಣ್ಣಿಗೆ ಹೊಂದಾಣಿಕೆಯಿಲ್ಲದ ಕ್ಯಾಮೆರಾ ಮಾಲುಗಣ್ಣಿನದು. ಸೆಲ್ಫ್ ಟೈಮರಿನ ಕಡ್ಡಿಯನ್ನು ಮಾತ್ರ ಮುಟ್ಟಲು ಹೋಗಬೇಡಿ. ಮುಪ್ಪಿನ ಶಟರ್ ಅಲ್ಲೇ ಸಿಕ್ಕಿಕೊಂಡು ನಿಲ್ಲುವುದು ಹೆಚ್ಚು.

ಬ್ಯಾಟರಿಯ ಕಥೆ ಬೇರೆ. 124ಜಿಯ ಬೆಳಕು ಮಾಪಕಕ್ಕೆ 1.35 ವೋಲ್ಟಿನ ಪಾದರಸದ ಬ್ಯಾಟರಿ ಬೇಕಿತ್ತು. ಅಂಥದ್ದು ಈಗ ಸಿಗುವುದಿಲ್ಲ. ಪಾದರಸದ ವಿಷದಿಂದ ನರಳಿದ ಜಪಾನಿನ ಊರಿನ ಹೆಸರನ್ನೇ ಹೊತ್ತ ಮಿನಮಾತಾ ಒಪ್ಪಂದ 2013ರಲ್ಲಿ ಆಗಿ 2017ರಲ್ಲಿ ಜಾರಿಗೆ ಬಂದಿದೆ. ಅದು ಆಗಬೇಕಾದದ್ದೇ. ಅದೇ ಗಾತ್ರದ 1.5 ವೋಲ್ಟಿನ ಬ್ಯಾಟರಿ ಹಾಕಿದರೆ ಮುಳ್ಳು ಇಲ್ಲದ ಬೆಳಕನ್ನು ಇದೆ ಎಂದು ಹೇಳಿ ಚಿತ್ರವನ್ನು ಕಪ್ಪಾಗಿಸುತ್ತದೆ. ಕಿವಿ ಕೇಳಿಸದವರ ಯಂತ್ರಕ್ಕೆ ಹಾಕುವ 675 ನಂಬರಿನ ಸತುವಿನ ಬ್ಯಾಟರಿ 1.4 ವೋಲ್ಟಿನದು, ಹೆಚ್ಚುಕಡಿಮೆ ಹೊಂದುತ್ತದೆ. ಮಾಪಕವೇ ಸತ್ತಿದ್ದರೂ ಬೆಲೆ ಇಳಿಸಿ ಕೊಳ್ಳಬಹುದು. ಇದರ ಶಟರಿಗೆ ಬ್ಯಾಟರಿಯ ಹಂಗಿಲ್ಲ.

ಬೆಳಕನ್ನು ಕಣ್ಣಿನಿಂದ ಓದುವುದನ್ನು ಕಲಿಯಲು ಬ್ಯಾಡಗಿಗಿಂತ ಒಳ್ಳೆಯ ಪಾಠಶಾಲೆ ಬೇಕೆ? ಬಟಾಬಯಲಿನ ಬಿಸಿಲಿಗೆ ಎಫ್ 16, ಶಟರ್ ವೇಗ ಫಿಲ್ಮಿನ ಐಎಸ್‌ಒ ಸಂಖ್ಯೆಯಷ್ಟು. 400ರ ಫಿಲ್ಮಿಗೆ 1/500. ಫೆಬ್ರುವರಿಯ ಮಧ್ಯಾಹ್ನ ಎಪಿಎಂಸಿ ಅಂಗಳದಲ್ಲಿ ಈ ಲೆಕ್ಕ ತಪ್ಪುವುದಿಲ್ಲ. ತಪ್ಪುವುದು ಬಣ್ಣದ ಲೆಕ್ಕ. ಊರಿಗೆ ಊರೇ ಕೆಂಪಾಗಿ ಕಾಣುವ ಡಬ್ಬಿ, ಕಡ್ಡಿ ಮೆಣಸಿನಕಾಯಿಯ ರಾಶಿ ಸಾಮಾನ್ಯ ಕಪ್ಪು ಬಿಳುಪು ಫಿಲ್ಮಿನಲ್ಲಿ ಮಂಕು ಬೂದಿಯ ಗುಡ್ಡವಾಗುತ್ತದೆ. ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿ ಮೂರು ಸ್ಟಾಪ್ ಹೆಚ್ಚು ಬೆಳಕು ಕೊಟ್ಟರೆ ಅದೇ ರಾಶಿ ಹೊಳೆಯುತ್ತದೆ, ಆಕಾಶ ಕಪ್ಪಾಗುತ್ತದೆ. ಕೆಂಪು ಕಾಣದ ಆರ್ಥೊ ಫಿಲ್ಮು ಹಾಕಿದರೆ ಮೆಣಸಿನಕಾಯಿ ಇದ್ದಲಾಗುತ್ತದೆ. ಒಂದೇ ರಾಶಿ, ಮೂರು ಸತ್ಯ. ಫೋಟೊ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ ಎಂದು ನಂಬಿದ ಸಾಹಿತ್ಯದ ವಿದ್ಯಾರ್ಥಿಗೆ ಇದು ಒಂದು ಸೆಮಿಸ್ಟರಿನ ಪಾಠಕ್ಕೆ ಸಮ.

ಹಾವೇರಿಯ ಪುರಸಿದ್ಧೇಶ್ವರ ಗುಡಿಯಲ್ಲಿ ಪಾಠ ಬೇರೆ. ಚಾಲುಕ್ಯರ ಕಾಲದ ಈ ಗುಡಿ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸಂಜೆಯ ಬಿಸಿಲು ನೇರವಾಗಿ ಒಳಗೆ ಬರುತ್ತದೆ. ಅದಕ್ಕಾಗಿ ಕಾಯಬೇಕು, ಟ್ರೈಪಾಡ್ ಇಡಬೇಕು, ಕಂಬದ ಹೊಳಪಿಗೆ ಸೆಕೆಂಡುಗಳನ್ನು ಎಣಿಸಬೇಕು. ಇನ್ನು ರಾಣೆಬೆನ್ನೂರಿನ ಅಭಯಾರಣ್ಯಕ್ಕೆ ಹೋಗಿ ಕೃಷ್ಣಮೃಗ ತೆಗೆಯುತ್ತೇನೆ ಎನ್ನುವವರು ಯಾಶಿಕಾ ಕೊಳ್ಳಲೇಬೇಡಿ. ಬದಲಿಸಲಾಗದ 80 ಎಂಎಂ ಲೆನ್ಸಿನಲ್ಲಿ ಅದು ಹುಲ್ಲಿನ ನಡುವಿನ ಒಂದು ಚುಕ್ಕೆ. ಯಂತ್ರಕ್ಕೆ ಏನು ಆಗುವುದಿಲ್ಲ ಎಂದು ತಿಳಿದು ಕೊಳ್ಳುವವನೇ ಬಳಸುವವನು. ಅಲಂಕಾರಕ್ಕೆ ಕೊಳ್ಳುವವನಿಗೆ ಈ ಪ್ರಶ್ನೆಯೇ ಏಳುವುದಿಲ್ಲ.

ತೊಳೆಯುವುದು ಕಷ್ಟ ಎಂಬುದು ದೊಡ್ಡ ನೆಪ. ಕಪ್ಪು ಬಿಳುಪು ಫಿಲ್ಮನ್ನು ಮನೆಯ ಬಚ್ಚಲಲ್ಲೇ ತೊಳೆಯಬಹುದು. ಡಿ-76 ಡೆವಲಪರಿಗೆ 20 ಡಿಗ್ರಿಯ ನೀರು ಬೇಕು. ಏಪ್ರಿಲಿನಲ್ಲಿ ನಮ್ಮ ಟ್ಯಾಂಕಿನ ನೀರು ಕೈ ಸುಡುತ್ತದೆ. ಮಡಕೆಯ ನೀರಿಗೆ ನಾಲ್ಕು ತುಂಡು ಐಸ್ ಹಾಕಿದರೆ ಆಯಿತು. ಬಣ್ಣದ ಫಿಲ್ಮಿನ ಸಿ-41 ವಿಧಾನಕ್ಕೆ 38 ಡಿಗ್ರಿ ಬೇಕು. ಆ ಮಟ್ಟಿಗೆ ನಮ್ಮ ಬೇಸಿಗೆ ಪ್ರಯೋಗಾಲಯವನ್ನು ಪುಕ್ಕಟೆಯಾಗಿ ಕೊಟ್ಟಿದೆ. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಇರುತ್ತದೆ, ಅದನ್ನು ಮೋರಿಗೆ ಚೆಲ್ಲಬಾರದು ಎಂಬುದೊಂದೇ ಎಚ್ಚರ.

ಈ ಇಡೀ ಉತ್ಸಾಹವನ್ನೇ ಅನುಮಾನಿಸುವವರ ಪ್ರಶ್ನೆಗಳು ಇನ್ನೂ ಗಟ್ಟಿ. ಮೊದಲನೆಯದು ದುಡ್ಡಿನದು. ಇವತ್ತು 120ರ ಒಂದು ರೋಲಿಗೆ ಸಾವಿರ ರೂಪಾಯಿಯ ಆಸುಪಾಸು ಬೀಳುತ್ತದೆ. ಹನ್ನೆರಡಕ್ಕೆ ಭಾಗಿಸಿದರೆ ಒಂದು ಚಿತ್ರಕ್ಕೆ ಎಂಬತ್ತು ರೂಪಾಯಿಯ ಮೇಲೆ, ರಾಸಾಯನಿಕದ ಖರ್ಚು ಬೇರೆ. ಹಾಸ್ಟೆಲಿನಲ್ಲಿರುವ ಹುಡುಗನಿಗೆ ಇದು ಆಗದ ಮಾತು ಎನ್ನುವುದು ನಿಜ. ಆದರೆ ಊರ ಸ್ಟುಡಿಯೊದಲ್ಲಿ ಒಂದು ಯಾಶಿಕಾ ಇಡೀ ಊರಿನ ಕೆಲಸ ಮಾಡಿತ್ತು, ಪ್ರತಿ ಮನೆಯಲ್ಲೂ ಒಂದೊಂದು ಇರಲಿಲ್ಲ. ಒಂದು ಕಾಲೇಜಿನ ಹತ್ತು ಜನ ಸೇರಿ ಒಂದು ಕ್ಯಾಮೆರಾ ಇಟ್ಟುಕೊಳ್ಳಲಿ, ತಿಂಗಳಿಗೆ ಒಂದು ರೋಲು ಹಾಕಲಿ. ಯಂತ್ರಕ್ಕೂ ಅದೇ ಒಳ್ಳೆಯದು.

ಎರಡನೆಯ ಪ್ರಶ್ನೆ: ಫೋನು ಇರುವಾಗ ಇದೆಲ್ಲ ಯಾಕೆ? ಫೋನನ್ನು ಹಳಿಯುವುದು ನನ್ನ ಕೆಲಸವಲ್ಲ. 2024ರ ಮಾರ್ಚ್ 11ರಂದು ಬೆಲೆ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಸ್ಫೋಟಿಸಿ ವಾಹನಗಳು ಹೊತ್ತಿ ಉರಿದಾಗ ನಾಡಿಗೆ ಅದು ಗೊತ್ತಾದದ್ದು ಫೋನುಗಳಿಂದ. ಹನ್ನೆರಡು ಚಿತ್ರದ ಯಾಶಿಕಾ ಅಲ್ಲಿ ಏನೂ ಮಾಡಲಾಗುತ್ತಿರಲಿಲ್ಲ. ಆದರೆ ಆ ದಿನದ ಚಿತ್ರಗಳಲ್ಲಿ ಎಷ್ಟು ಇನ್ನು ಮೂವತ್ತು ವರ್ಷಕ್ಕೆ ಬ್ಯಾಡಗಿಯಲ್ಲೇ ಸಿಗುತ್ತವೆ? ವಾಟ್ಸಾಪಿನಲ್ಲಿ ಬಂದವು ‘ಸ್ಟೋರೇಜ್ ಫುಲ್’ ಎಂದಾಗ ಹೋಗುತ್ತವೆ. ಫೋನು ಸುದ್ದಿಗೆ, ನೆಗೆಟಿವ್ ನೆನಪಿಗೆ. ನೆಗೆಟಿವ್ ಓದಲು ಪಾಸ್‌ವರ್ಡ್ ಬೇಡ, ಕಿಟಕಿಯ ಬೆಳಕು ಸಾಕು.

ಮೂರನೆಯದು ನಮ್ಮವರೇ ಆಡುವ ಮಾತು: ಫಿಲ್ಮಿಗೆ ಆತ್ಮವಿದೆ. ಈ ಮಾತಿನಿಂದಾದಷ್ಟು ಕೆಡುಕು ಬೂಷ್ಟಿನಿಂದಲೂ ಆಗಿಲ್ಲ. ಫಿಲ್ಮಿಗಿರುವುದು ಬೆಳ್ಳಿಯ ಉಪ್ಪು ಮತ್ತು ಜೆಲಟಿನ್. ಆತ್ಮ ಎಂದವರು ಪೂಜೆಗೆ ಇಳಿಯುತ್ತಾರೆ, ಪೂಜೆಗೆ ಇಳಿದವರು ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. ಯಾಶಿಕಾದ ದೊಡ್ಡಸ್ತಿಕೆ ಅದನ್ನು ಬಿಚ್ಚಬಹುದು, ತೊಳೆಯಬಹುದು, ಮತ್ತೆ ಕಟ್ಟಬಹುದು ಎಂಬುದರಲ್ಲಿದೆ. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೊಂಡ ವಸ್ತುವನ್ನು ಕೊಂಡವರೇ ರಿಪೇರಿ ಮಾಡಿಸಿಕೊಳ್ಳುವಂತಿರಬೇಕು ಎಂಬುದು ಇವತ್ತು ಹೋರಾಡಿ ಪಡೆಯಬೇಕಾದ ಹಕ್ಕಾಗಿದೆ. ಐವತ್ತು ವರ್ಷದ ಹಿಂದಿನ ಈ ಯಂತ್ರದಲ್ಲಿ ಅದು ಹುಟ್ಟಿನಿಂದಲೇ ಇತ್ತು. ಆದರೆ ರಿಪೇರಿ ಮಾಡುವ ಕೈಗಳು ಮುಪ್ಪಾಗುತ್ತಿವೆ. ಅವರ ಪಕ್ಕದಲ್ಲಿ ಕೂತು ಕಲಿಯುವವರು ಕಡಿಮೆ. ಕ್ಯಾಮೆರಾಕ್ಕೆ ಸಾವಿರಾರು ರೂಪಾಯಿ ಕೊಡುವವರು ರಿಪೇರಿಯ ಮಜೂರಿಗೆ ಚೌಕಾಶಿ ಮಾಡುವುದನ್ನು ನೋಡಿದರೆ ನಾಚಿಕೆಯಾಗಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮುಖ್ಯ ಸಿಟ್ಟು ಉಳಿದೇ ಇದೆ. ಅದು ನೆಗೆಟಿವ್‌ಗಳದ್ದು.

ಊರ ಸ್ಟುಡಿಯೊ ಬಾಗಿಲು ಹಾಕುವಾಗ ಕ್ಯಾಮೆರಾಕ್ಕೆ ಗಿರಾಕಿ ಬರುತ್ತಾನೆ, ಗಡಿಯಾರಕ್ಕೆ ಬರುತ್ತಾನೆ, ತಾಜಮಹಲು ಬರೆದ ಪರದೆಗೂ ಈಚೆಗೆ ಬರುತ್ತಾನೆ. ಅಟ್ಟದ ಮೇಲೆ ರಟ್ಟಿನ ಡಬ್ಬಿಗಳಲ್ಲಿರುವ ನೆಗೆಟಿವ್‌ಗಳನ್ನು ಯಾರೂ ಕೇಳುವುದಿಲ್ಲ. ಕೇಳುವವನು ಒಬ್ಬನೇ, ಗುಜರಿಯವನು. ಅವನಿಗೆ ಬೇಕಾದದ್ದು ಅದರಲ್ಲಿರುವ ಬೆಳ್ಳಿ. ಹೀಗೆ ಒಂದು ಊರಿನ ಮೂವತ್ತು ನಲವತ್ತು ವರ್ಷಗಳ ಮುಖಗಳು ಕಿಲೋ ಲೆಕ್ಕದಲ್ಲಿ ಕರಗುತ್ತವೆ. ಮೊದಲ ಸಲ ರೇಷನ್ ಕಾರ್ಡಿಗೆ ಫೋಟೊ ತೆಗೆಸಿದ ಮುದುಕಿ, ವರನ ಕಡೆಯವರಿಗೆ ಕಳಿಸಲು ಪ್ಲಾಸ್ಟಿಕ್ ಹೂದಾನಿಯ ಪಕ್ಕ ನಿಂತ ಹುಡುಗಿ, ಸೇನೆಗೆ ಸೇರುವ ಮುಂಚೆ ತಾಯಿಯ ಜೊತೆ ಕೂತ ಮಗ, ಕುರ್ಚಿಗೆ ಕೂರಿಸಿ ಹೂ ಮುಡಿಸಿದ ಹೆಣ. ಇವರ ಬಗ್ಗೆ ಬೇರೆಲ್ಲೂ ಬರೆದಿಟ್ಟಿಲ್ಲ. ಇವರ ಇತಿಹಾಸ ಆ ಡಬ್ಬಿಯಲ್ಲಿ ಮಾತ್ರ ಇತ್ತು.

ಬ್ಯಾಡಗಿಗೆ ಹೋದವರು ಅಲ್ಲಿನ ಶೀತಲ ಗೋದಾಮುಗಳನ್ನು ನೋಡಿರುತ್ತೀರಿ. ಬ್ಯಾಡಗಿ ಮೆಣಸಿನಕಾಯಿಯ ಬೆಲೆ ಇರುವುದು ಅದರ ಬಣ್ಣದಲ್ಲಿ. ಬಿಸಿಲಿಗೆ, ಶೆಕೆಗೆ ಆ ಬಣ್ಣ ಇಳಿಯುತ್ತದೆ ಎಂದು ಚೀಲಗಟ್ಟಲೆ ಕಾಯಿಯನ್ನು ತಣ್ಣಗೆ ಕಾಯ್ದಿಡುತ್ತೇವೆ. ಬಣ್ಣದ ನೆಗೆಟಿವ್‌ಗೂ ಇದೇ ಶತ್ರುಗಳು: ಶಾಖ, ತೇವ, ಬೆಳಕು. ತಗಡಿನ ಚಾವಣಿಯ ಕೆಳಗಿನ ಅಟ್ಟದಲ್ಲಿ ಅದರ ಬಣ್ಣಗಳು ಒಂದೊಂದಾಗಿ ಮಾಸುತ್ತವೆ. ಹಳೆಯ ಅಸಿಟೇಟ್ ಫಿಲ್ಮು ಕೊಳೆಯತೊಡಗಿದರೆ ವಿನೆಗರಿನ ಹುಳಿ ವಾಸನೆ ಬರುತ್ತದೆ, ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಮೆಣಸಿನ ಚೀಲದ ಪಕ್ಕ ನೆಗೆಟಿವ್ ಇಡಿ ಎಂದು ನಾನು ಹೇಳುತ್ತಿಲ್ಲ. ಬಣ್ಣ ಕಾಯುವುದು ಹೇಗೆಂದು ಗೊತ್ತಿರುವ ಊರು ತನ್ನ ಮುಖಗಳನ್ನು ಕಾಯುವುದಿಲ್ಲ ಎಂದು ಹೇಳುತ್ತಿದ್ದೇನೆ.

ಕಾಯುವವರು ಯಾರು? ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಲಾವಣಿ, ಡೊಳ್ಳು, ಕೌದಿ ಜಾನಪದವಾದರೆ ಊರ ಸ್ಟುಡಿಯೊದ ಪರದೆಯೆದುರು ಜನ ತಮ್ಮನ್ನು ತಾವು ನಿಲ್ಲಿಸಿಕೊಂಡ ರೀತಿಯೂ ಜಾನಪದವೇ. ಆ ನೆಗೆಟಿವ್‌ಗಳಿಗೆ ಇದಕ್ಕಿಂತ ಹತ್ತಿರದ ಮನೆ ಯಾವುದು? 2023ರ ಜನವರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನವನ್ನು ಹಾವೇರಿಯಲ್ಲಿ ಕೂಡಿಸಲು ಆದ ನಮಗೆ ಒಂದು ಒಣ ಕೋಣೆ, ನಾಲ್ಕು ಕಬ್ಬಿಣದ ಕಪಾಟು, ಒಂದು ಸ್ಕ್ಯಾನರ್ ಒದಗಿಸುವುದು ಆಗದ ಕೆಲಸವಲ್ಲ. ಆದರೆ ಸಂಸ್ಥೆಗಳು ಎದ್ದು ಬರುವವರೆಗೆ ಗುಜರಿಯವನು ಕಾಯುವುದಿಲ್ಲ. ಆದ್ದರಿಂದ ಮೊದಲ ಹೊಣೆ ಕ್ಯಾಮೆರಾ ಕೊಳ್ಳಲು ಹೋದವನದೇ.

ಹಾಗೆಂದು ಡಬ್ಬಿ ಹೊತ್ತು ತಂದು ಮರುದಿನವೇ ಇನ್‌ಸ್ಟಾಗ್ರಾಮಿಗೆ ಏರಿಸುವುದು ಇನ್ನೊಂದು ಬಗೆಯ ಗುಜರಿ ವ್ಯಾಪಾರ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊದ ಮೊದಲ ಹಕ್ಕುದಾರ ತೆಗೆಸಿಕೊಂಡವನೇ. ಕಾನೂನು ಬದಿಗಿಟ್ಟರೂ, ವರಾನ್ವೇಷಣೆಗೆ ತೆಗೆಸಿದ ಯಾರದೋ ತಂಗಿಯ ಚಿತ್ರ ನಿಮ್ಮ ‘ವಿಂಟೇಜ್’ ಪುಟದ ಅಲಂಕಾರವಲ್ಲ. ಮೊದಲು ಸ್ಟುಡಿಯೊದವರ ಎದುರು ಕೂತು ಹೆಸರು, ಊರು, ವರ್ಷ ಬರೆದುಕೊಳ್ಳಿ. ಅವರಿಗೆ ಗೊತ್ತಿರುವುದು ಬೇರೆ ಯಾರಿಗೂ ಗೊತ್ತಿಲ್ಲ. ಆಮೇಲೆ ಮನೆಯವರನ್ನು ಹುಡುಕಿ ಅವರಿಗೊಂದು ಪ್ರತಿ ಕೊಡಿ. ಅವರು ಬೇಡ ಎಂದರೆ ಆ ಚಿತ್ರ ಡಬ್ಬಿಯಲ್ಲೇ ಇರಲಿ.

ಕೊಡಾಕ್ರೋಮ್ ಎಂಬ ಪ್ರಸಿದ್ಧ ಬಣ್ಣದ ಫಿಲ್ಮಿನ ತಯಾರಿಕೆ 2009ರಲ್ಲಿ ನಿಂತಿತು. ಅದನ್ನು ತೊಳೆಯುತ್ತಿದ್ದ ಜಗತ್ತಿನ ಕೊನೆಯ ಲ್ಯಾಬು, ಅಮೆರಿಕದ ಕ್ಯಾನ್ಸಾಸಿನ ಪಾರ್ಸನ್ಸ್ ಊರಿನದು, 2010ರ ಡಿಸೆಂಬರ್ 30ರವರೆಗೆ ಬಂದ ರೋಲುಗಳನ್ನಷ್ಟೇ ತೆಗೆದುಕೊಂಡಿತು. ಆಮೇಲೆ ಸಿಕ್ಕ ರೋಲುಗಳಲ್ಲಿ ಬಣ್ಣ ಬರಿಸುವುದು ಬಹುತೇಕ ಆಗದ ಕೆಲಸವಾಯಿತು. ಅಂಥ ಗಡುವು ನಮ್ಮ ಊರುಗಳ ಸ್ಟುಡಿಯೊಗಳಿಗೂ ಇದೆ. ಯಾರೂ ಅದನ್ನು ಪ್ರಕಟಣೆ ಹೊರಡಿಸಿ ಹೇಳುವುದಿಲ್ಲ. ಮಾಲೀಕರ ವಯಸ್ಸನ್ನು ನೋಡಿ ನಾವೇ ಲೆಕ್ಕ ಹಾಕಬೇಕು.

ಆದ್ದರಿಂದ ಹಳೆಯ ಕ್ಯಾಮೆರಾ ಬೇಕು ಎನ್ನುವ ಗೆಳೆಯರಿಗೆ ಹೇಳುವುದು ಇಷ್ಟೇ. ಆನ್‌ಲೈನಿನಲ್ಲಿ ಹುಡುಕುವುದನ್ನು ನಿಲ್ಲಿಸಿ ನಿಮ್ಮ ಊರಿನ ಹಳೆಯ ಸ್ಟುಡಿಯೊಗೆ ಹೋಗಿ. ಬೆಲೆ ಕೇಳುವ ಮುಂಚೆ ಈ ಕ್ಯಾಮೆರಾದಲ್ಲಿ ಏನೇನು ತೆಗೆದಿರಿ ಎಂದು ಕೇಳಿ. ಅಟ್ಟಕ್ಕೆ ಏಣಿ ಹಾಕಲು ಅವರು ಒಪ್ಪಿದರೆ ಮೊದಲು ಡಬ್ಬಿಗಳನ್ನು ಇಳಿಸಿ, ಒರೆಸಿ, ಒಣ ಜಾಗದಲ್ಲಿಡಿ. ಕ್ಯಾಮೆರಾದ ವ್ಯವಹಾರ ಆಮೇಲೆ ಮಾತಾಡಿದರಾಯಿತು. ಅದು ಇಷ್ಟು ವರ್ಷ ಕಾದಿದೆ, ಇನ್ನೊಂದು ವಾರ ಕಾಯುತ್ತದೆ.